ಕಾರಿನೊಳಗಿನ ಪ್ಲಾಸ್ಟಿಕ್ ಮೇಲಿನ ಸಣ್ಣ ಗೀರುಗಳು: ಅವು ಏಕೆ ಎದ್ದು ಕಾಣುತ್ತವೆ, ಹೇಗೆ ಮರೆಯಾಗುತ್ತವೆ

ಬಾಗಿಲಿನ ಒಳಬದಿ, ಕಾಲಿಟ್ಟು ಹತ್ತುವ ಕಡೆಯ ಪಟ್ಟಿ, ಗೇರ್ ಸುತ್ತಲಿನ ಕನ್ಸೋಲ್, ಡಿಕ್ಕಿಯ ಅಂಚು ಇವೆಲ್ಲ ಕಾರಿನೊಳಗೆ ಅತಿ ಹೆಚ್ಚು ಗೀರು ಬೀಳುವ ಜಾಗಗಳು. ಈ ಗೀರುಗಳಲ್ಲಿ ಬಹುಪಾಲು ತಲೆಗೂದಲಿನ ದಪ್ಪದಷ್ಟೂ ಆಳವಾಗಿರುವುದಿಲ್ಲ. ಆದರೂ ಕಪ್ಪು ಅಥವಾ ಬೂದು ಬಣ್ಣದ ಫಲಕದ ಮೇಲೆ ಅವು ಸೀಮೆಸುಣ್ಣದಲ್ಲಿ ಎಳೆದ ಗೆರೆಯಂತೆ ಬೆಳ್ಳಗೆ ಕಾಣುತ್ತವೆ. ಇಷ್ಟು ಚಿಕ್ಕ ಗಾಯ ಇಷ್ಟು ದೊಡ್ಡದಾಗಿ ಕಾಣುವುದೇಕೆ ಎಂಬುದು ಅರ್ಥವಾದರೆ ಯಾವ ಗೀರಿಗೆ ಏನು ಮಾಡಬೇಕು, ಯಾವುದಕ್ಕೆ ಏನನ್ನೂ ಮಾಡಬಾರದು ಎಂಬ ತೀರ್ಮಾನ ಸುಲಭವಾಗುತ್ತದೆ. ಅದು ಅರ್ಥವಾಗದೆ ಕೈಗೆ ಸಿಕ್ಕ ಪಾಲಿಶ್ ಅಥವಾ ಉಪ್ಪುಕಾಗದ ಹಿಡಿದು ಉಜ್ಜಿದರೆ, ಒಂದು ಗೆರೆ ಇದ್ದ ಜಾಗದಲ್ಲಿ ಅಂಗೈಯಗಲದ ಕಲೆ ಉಳಿಯುತ್ತದೆ.

ಕಾರಿನೊಳಗಿನ ಹೆಚ್ಚಿನ ಫಲಕಗಳ ಮೇಲ್ಮೈ ನುಣುಪಾಗಿರುವುದಿಲ್ಲ. ಫಲಕವನ್ನು ಎರಕ ಹೊಯ್ಯುವ ಉಕ್ಕಿನ ಅಚ್ಚಿನ ಒಳಮೈಯನ್ನು ಆಮ್ಲದಿಂದ ಅಥವಾ ಲೇಸರಿನಿಂದ ಕೊರೆದು ಚರ್ಮದಂಥ ಇಲ್ಲವೇ ತರಿತರಿಯಾದ ವಿನ್ಯಾಸವನ್ನು ಮೂಡಿಸಿರುತ್ತಾರೆ. ಆ ಉಬ್ಬುತಗ್ಗುಗಳೇ ಪ್ಲಾಸ್ಟಿಕ್ಕಿನ ಮೇಲೆ ಅಚ್ಚೊತ್ತಿಕೊಳ್ಳುತ್ತವೆ. ಬೆಳಕು ಅವುಗಳಿಗೆ ತಾಗಿ ಎಲ್ಲ ದಿಕ್ಕಿಗೂ ಸಮನಾಗಿ ಚದುರುವುದರಿಂದ ಮೇಲ್ಮೈ ಹೊಳಪಿಲ್ಲದೆ ಒಂದೇ ಸಮನಾಗಿ ಕಾಣುತ್ತದೆ. ಬೀಗದ ಕೈ ಅಥವಾ ಚೀಲದ ಕೊಂಡಿ ಅದರ ಮೇಲೆ ಸರಿದು ಹೋದಾಗ ಪ್ಲಾಸ್ಟಿಕ್ ಕಿತ್ತು ಬರುವುದು ಕಡಿಮೆ. ಅದು ಒತ್ತಲ್ಪಟ್ಟು ಎರಡೂ ಬದಿಗೆ ಸರಿದು, ನೇಗಿಲ ಸಾಲಿನ ಪಕ್ಕದ ಮಣ್ಣಿನಂತೆ ಸಣ್ಣ ಏರಿಯಾಗಿ ನಿಲ್ಲುತ್ತದೆ. ಆ ಎಳೆತಕ್ಕೆ ಸಿಕ್ಕ ಪ್ಲಾಸ್ಟಿಕ್ಕಿನೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಬಿರುಕುಗಳೂ ಟೊಳ್ಳುಗಳೂ ಹುಟ್ಟುತ್ತವೆ. ಇದರ ಜೊತೆಗೆ, ಈ ಫಲಕಗಳಿಗೆ ಗಟ್ಟಿತನ ಬರಲೆಂದು ಬೆರೆಸಿದ ಟಾಲ್ಕ್ ಪುಡಿಯ ಬಿಳಿ ಕಣಗಳು ಗೀರಿನ ಜಾಗದಲ್ಲಿ ಮೇಲಕ್ಕೆ ಬರುತ್ತವೆ. ಏರಿ, ಟೊಳ್ಳು, ಬಿಳಿ ಕಣ ಮೂರೂ ಸೇರಿ ಬೆಳಕನ್ನು ಸುತ್ತಲಿನ ಮೇಲ್ಮೈಗಿಂತ ಬೇರೆ ರೀತಿಯಲ್ಲಿ ಚದುರಿಸುವುದರಿಂದ ಗೆರೆ ಬಿಳಿಯಾಗಿ ತೋರುತ್ತದೆ. ಬಣ್ಣವು ಪ್ಲಾಸ್ಟಿಕ್ಕಿನ ಮೈಯಲ್ಲೇ ಬೆರೆತಿರುವ ಫಲಕಗಳಲ್ಲಿ ಗೀರಿನ ತಳದಲ್ಲಿಯೂ ಅದೇ ಬಣ್ಣವಿರುತ್ತದೆ. ಕಳೆದುಹೋಗಿರುವುದು ಬಣ್ಣವಲ್ಲ, ಮೇಲ್ಮೈಯ ಸಮತೆ.

ಹೀಗಾಗಿ ಇಲ್ಲಿ ದುರಸ್ತಿಯೆಂದರೆ ತಗ್ಗನ್ನು ತುಂಬುವುದಕ್ಕಿಂತ ಹೆಚ್ಚಾಗಿ, ಗೀರಿನ ಜಾಗವೂ ಅದರ ನೆರೆಯ ಜಾಗವೂ ಬೆಳಕನ್ನು ಒಂದೇ ರೀತಿ ಚದುರಿಸುವಂತೆ ಮಾಡುವುದು. ಆಳ ಸ್ವಲ್ಪ ಉಳಿದರೂ ಹೊಳಪು ಹೊಂದಿಕೊಂಡರೆ ಕಣ್ಣು ಅದನ್ನು ಗುರುತಿಸುವುದಿಲ್ಲ. ತಗ್ಗು ಪೂರ್ತಿ ತುಂಬಿದರೂ ಹೊಳಪು ಹೊಂದದಿದ್ದರೆ ಕಲೆ ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ. ಮುಂದೆ ಹೇಳುವ ಎಲ್ಲ ವಿಧಾನಗಳನ್ನೂ ಈ ಒಂದು ಅಳತೆಗೋಲಿನಿಂದಲೇ ತೂಗಬೇಕು.

ಮೊದಲು ಅದು ನಿಜವಾಗಿ ಗೀರೇ ಎಂದು ನೋಡಿಕೊಳ್ಳಬೇಕು. ಬಾಗಿಲಿನ ಕೆಳಭಾಗದಲ್ಲಿ ಕಾಣುವ ಎಷ್ಟೋ ಗೆರೆಗಳು ಚಪ್ಪಲಿ ಅಥವಾ ಬೂಟಿನ ಅಟ್ಟೆಯ ರಬ್ಬರು ಉಜ್ಜಿ ಅಂಟಿಕೊಂಡವು, ಅಂದರೆ ಫಲಕದ ಮೇಲೆ ಹೊಸದಾಗಿ ಸೇರಿದ ವಸ್ತು. ಟಾರ್ಚನ್ನು ಮೇಲ್ಮೈಗೆ ಬಹುತೇಕ ತಾಗುವಂತೆ ಓರೆಯಾಗಿ ಹಿಡಿದು ನೋಡಿದರೆ ನಿಜವಾದ ಗೀರಿನ ಏರಿಗೆ ಸಣ್ಣ ನೆರಳು ಇರುತ್ತದೆ. ಉಗುರನ್ನು ಅಡ್ಡಲಾಗಿ ಮೆಲ್ಲನೆ ಎಳೆದರೆ ಅಲ್ಲಿ ಕ್ಷಣ ತಡೆಯುತ್ತದೆ. ಅಂಟಿಕೊಂಡ ಕಲೆಯಾದರೆ ಉಗುರು ಜಾರಿಹೋಗುತ್ತದೆ. ಅಂಥ ಕಲೆಗೆ ಸೌಮ್ಯ ಸೋಪಿನ ನೀರು ಮತ್ತು ಮೃದುವಾದ ಬ್ರಷ್ ಸಾಕು. ಹೋಗದಿದ್ದರೆ ಒದ್ದೆ ಮಾಡಿದ ಮೆಲಮಿನ್ ಸ್ಪಂಜಿನಿಂದ ಒತ್ತಡವಿಲ್ಲದೆ ಒಂದೆರಡು ಸಲ ಸವರಬಹುದು. ಆದರೆ ಮೆಲಮಿನ್ ಸ್ಪಂಜು ನೋಡಲು ಹತ್ತಿಯಂತೆ ಮೆತ್ತಗಿದ್ದರೂ ಅದು ಉಜ್ಜಿ ಸವೆಸುವ ವಸ್ತುವೇ ಎಂಬುದನ್ನು ನೆನಪಿಡಬೇಕು. ಹೊಳಪಿನ ಫಲಕದ ಮೇಲೆ ಅದನ್ನು ಎಂದೂ ಬಳಸಬಾರದು.

ಗೀರು ನಿಜವೆಂದಾದರೆ ಮುಂದಿನ ಪ್ರಶ್ನೆ, ಅದು ಬಿದ್ದಿರುವುದು ಯಾವ ಪ್ಲಾಸ್ಟಿಕ್ ಮೇಲೆ ಎಂಬುದು. ಬಾಗಿಲು, ಗಾಜುಗಳ ನಡುವಿನ ಕಂಬದ ಹೊದಿಕೆ, ಡಿಕ್ಕಿ ಮುಂತಾದ ಕಡೆ ಬಳಸುವ ಹೊಳಪಿಲ್ಲದ ಗಟ್ಟಿ ಫಲಕಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್. ಕನ್ಸೋಲ್, ಎ.ಸಿ. ಗಾಳಿಕಿಂಡಿಯ ಚೌಕಟ್ಟು, ಬಣ್ಣ ಬಳಿದ ಪಟ್ಟಿಗಳು ಬಹುಮಟ್ಟಿಗೆ ಎಬಿಎಸ್ ಎಂಬ ಪ್ಲಾಸ್ಟಿಕ್ ಅಥವಾ ಎಬಿಎಸ್ ಮತ್ತು ಪಾಲಿಕಾರ್ಬೊನೇಟ್ ಮಿಶ್ರಣ. ಮೀಟರ್ ಮೇಲಿನ ಪಾರದರ್ಶಕ ಮುಚ್ಚಳ ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್. ಊಹೆಯ ಅಗತ್ಯವಿಲ್ಲ, ಏಕೆಂದರೆ ಫಲಕವನ್ನು ಕಳಚಿ ಹಿಂಬದಿ ನೋಡಿದರೆ ಐಎಸ್‌ಒ 11469 ಮಾನದಂಡದಂತೆ ಎರಡು ಕೋನಚಿಹ್ನೆಗಳ (> <) ನಡುವೆ ವಸ್ತುವಿನ ಸಂಕೇತ ಅಚ್ಚಾಗಿರುವುದು ವಾಡಿಕೆ. ಪಿಪಿ-ಟಿಡಿ20 ಎಂದಿದ್ದರೆ ಶೇಕಡ 20ರಷ್ಟು ಟಾಲ್ಕ್ ಪುಡಿ ಬೆರೆತ ಪಾಲಿಪ್ರೊಪಿಲೀನ್ ಎಂದರ್ಥ. ಎಬಿಎಸ್, ಪಿಸಿ (ಪಾಲಿಕಾರ್ಬೊನೇಟ್), ಪಿಎಂಎಂಎ (ಅಕ್ರಿಲಿಕ್) ಎಂಬ ಸಂಕೇತಗಳೂ ಹೀಗೆಯೇ ಸಿಗುತ್ತವೆ. ಈ ಗುರುತು ನೋಡುವ ಶ್ರಮ ವ್ಯರ್ಥವಲ್ಲ, ಏಕೆಂದರೆ ಒಂದಕ್ಕೆ ಮದ್ದಾಗುವುದು ಇನ್ನೊಂದಕ್ಕೆ ವಿಷ. ಅಸಿಟೋನ್ ಸಾಮಾನ್ಯ ಉಷ್ಣತೆಯಲ್ಲಿ ಪಾಲಿಪ್ರೊಪಿಲೀನನ್ನು ಹೆಚ್ಚೇನೂ ಮಾಡುವುದಿಲ್ಲ, ಆದರೆ ಎಬಿಎಸ್ಸನ್ನು ಕರಗಿಸಿಬಿಡುತ್ತದೆ.

ವಸ್ತುವಿಗಿಂತಲೂ ಮೊದಲು ನೋಡಬೇಕಾದ ಇನ್ನೊಂದು ಗುರುತಿದೆ. ಸ್ಟೀರಿಂಗ್ ನಡುವೆ, ಪಕ್ಕದ ಆಸನದ ಎದುರಿನ ಡ್ಯಾಶ್‌ಬೋರ್ಡ್ ಮೇಲೆ, ಕಂಬದ ಹೊದಿಕೆಗಳ ಮೇಲೆ, ಆಸನದ ಬದಿಯಲ್ಲಿ ಏರ್‌ಬ್ಯಾಗ್ ಎಂಬ ಬರಹವಿದ್ದರೆ ಆ ಫಲಕಕ್ಕೆ ಶಾಖ ಕೊಡಬಾರದು, ತಗ್ಗು ತುಂಬುವ ಫಿಲ್ಲರ್ ಮೆತ್ತಬಾರದು, ಬಣ್ಣ ಹೊಡೆಯಬಾರದು, ತಾವೇ ಕಳಚಲೂ ಹೋಗಬಾರದು. ಏರ್‌ಬ್ಯಾಗ್ ಉಬ್ಬಿದಾಗ ಫಲಕ ಗೊತ್ತಾದ ಗೆರೆಯಲ್ಲೇ ಸೀಳಲಿ ಎಂದು ಹಿಂಬದಿಯಿಂದ ಅದನ್ನು ತೆಳುಮಾಡಿರುತ್ತಾರೆ, ಮತ್ತು ಆ ಗೆರೆ ಎದುರಿನಿಂದ ಕಾಣದಿರಬಹುದು. ಅದರ ಮೇಲೆ ಕೂತ ಗಟ್ಟಿ ಫಿಲ್ಲರ್ ಅಪಘಾತದ ಹೊತ್ತಿಗೆ ಕುಳಿತವರ ಮುಖದತ್ತ ಚೂರಾಗಿ ಹಾರಬಲ್ಲದು. ಈ ಜಾಗದ ಗೀರಿಗೆ ಸೋಪಿನ ನೀರಿನಿಂದ ಒರೆಸುವುದರಾಚೆ ಏನನ್ನೂ ಮಾಡದಿರುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಉಳಿದ ಕಡೆ ಅತಿ ಸೌಮ್ಯವಾದ ವಿಧಾನದಿಂದ ಆರಂಭಿಸಬೇಕು. ಜಾಗವನ್ನು ತೊಳೆದು ಒಣಗಿಸಿದ ಮೇಲೆ ಪ್ಲಾಸ್ಟಿಕ್ಕಿಗೆಂದೇ ಬರುವ ಡ್ರೆಸ್ಸಿಂಗ್ ದ್ರವವನ್ನು ಮೈಕ್ರೋಫೈಬರ್ ಬಟ್ಟೆಗೆ ಹಾಕಿಕೊಂಡು ತೆಳುವಾಗಿ ಸವರಿದರೆ ನವಿರಾದ ಗೀರುಗಳು ತಕ್ಷಣ ಮಂಕಾಗುತ್ತವೆ. ಇದರ ಹಿಂದಿನ ಕಾರಣ ಸರಳ. ಬೆಳಕು ಚದುರುವುದು ಎರಡು ವಸ್ತುಗಳ ವಕ್ರೀಭವನ ಸೂಚ್ಯಂಕಗಳ, ಅಂದರೆ ಅವು ಬೆಳಕನ್ನು ಎಷ್ಟು ಬಾಗಿಸುತ್ತವೆ ಎಂಬ ಅಳತೆಗಳ, ನಡುವೆ ವ್ಯತ್ಯಾಸವಿದ್ದಾಗ. ಗಾಳಿಯದು 1, ಪಾಲಿಪ್ರೊಪಿಲೀನಿನದು ಸುಮಾರು 1.49. ಗೀರಿನ ಸಂದುಗಳಲ್ಲಿ ಗಾಳಿಯ ಬದಲು ಸುಮಾರು 1.4 ಸೂಚ್ಯಂಕದ ಸಿಲಿಕೋನ್ ಎಣ್ಣೆ ತುಂಬಿಕೊಂಡರೆ ವ್ಯತ್ಯಾಸ ಕುಗ್ಗಿ ಬಿಳುಪು ಇಳಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದ ಕೂಡಲೇ ಗೀರು ಮಾಯವಾಗಿ, ನೀರು ಆರಿದ ಮೇಲೆ ಮತ್ತೆ ಕಾಣುವುದೂ ಇದೇ ಕಾರಣಕ್ಕೆ. ನೀರಿನಿಂದ ಮರೆಯಾಗುವ ಗೀರು ಡ್ರೆಸ್ಸಿಂಗಿನಿಂದಲೂ ಮರೆಯಾಗುತ್ತದೆ ಎಂಬುದು ಇದರಿಂದ ಸಿಗುವ ಒಳ್ಳೆಯ ಪರೀಕ್ಷೆ.

ಈ ಪರಿಹಾರ ತಾತ್ಕಾಲಿಕ. ಎಣ್ಣೆ ಆರಿದಂತೆ, ಒರೆಸಿದಂತೆ ಗೆರೆ ಮರಳುತ್ತದೆ. ಆದರೆ ಡಿಕ್ಕಿಯ ಅಂಚಿನಂತೆ ದಿನವೂ ಹೊಸ ಗೀರು ಬೀಳುವ ಜಾಗಕ್ಕೆ ಇದಕ್ಕಿಂತ ಹೆಚ್ಚಿನದನ್ನು ಮಾಡುವುದರಲ್ಲಿ ಅರ್ಥವಿಲ್ಲ. ಎರಡು ಎಚ್ಚರಿಕೆ ಮಾತ್ರ ಬೇಕು. ಸ್ಟೀರಿಂಗ್, ಪೆಡಲ್, ಗೇರ್ ಹಿಡಿಗಳಿಗೆ ಡ್ರೆಸ್ಸಿಂಗ್ ತಾಗಬಾರದು, ಏಕೆಂದರೆ ಅವು ಜಾರುತ್ತವೆ. ಮುಂದೆ ಬಣ್ಣ ಹೊಡೆಯುವ ಯೋಚನೆಯಿದ್ದರೆ ಸಿಲಿಕೋನ್ ಇರುವ ದ್ರವವನ್ನು ಹತ್ತಿರ ತರಬಾರದು. ಅದರ ಲೇಶ ಉಳಿದರೂ ಹೊಸ ಬಣ್ಣ ಅಲ್ಲಲ್ಲಿ ಹಿಮ್ಮೆಟ್ಟಿ ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ.

ಶಾಶ್ವತವಾದ ಸುಧಾರಣೆ ಬೇಕೆಂದಾಗ, ಬಣ್ಣ ಬಳಿಯದ ತರಿತರಿಯಾದ ಪಾಲಿಪ್ರೊಪಿಲೀನ್ ಫಲಕಕ್ಕೆ ಇರುವ ಉತ್ತಮ ದಾರಿ ಶಾಖ. ಇದು ಸರಿಯಾಗಿ ಮಾಡಿದರೆ ಆಶ್ಚರ್ಯವೆನಿಸುವಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ, ತಪ್ಪಿದರೆ ಮರಳಿ ಸರಿಯಾಗದಂತೆ ಕೆಡಿಸುತ್ತದೆ. ಆದ್ದರಿಂದ ಇದನ್ನು ತುಸು ವಿವರವಾಗಿ ಹೇಳುವುದು ಅಗತ್ಯ.

ಗೀರು ಬಿದ್ದಾಗ ಎಳೆಯಲ್ಪಟ್ಟ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳು ಬಲವಂತದ ಭಂಗಿಯಲ್ಲಿ ಬಿಗಿದುಕೊಂಡಿರುತ್ತವೆ. ಸಾಕಷ್ಟು ಬಿಸಿ ತಾಗಿದಾಗ ಅವು ಸಡಿಲಗೊಂಡು ಹಿಂದಕ್ಕೆ ಸೇದಿಕೊಳ್ಳುತ್ತವೆ, ಒಳಗಿನ ಸೂಕ್ಷ್ಮ ಟೊಳ್ಳುಗಳು ಮುಚ್ಚಿಕೊಳ್ಳುತ್ತವೆ, ಅಂಚಿನ ಏರಿಗಳು ಮೇಲ್ಮೈ ಸೆಳೆತದಿಂದ ಕುಸಿದು ದುಂಡಗಾಗುತ್ತವೆ. ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಮಗೆ ಬೇಕಾದದ್ದು ಆ ಮಿತಿಯ ಸಮೀಪಕ್ಕೆ ಮೇಲ್ಮೈಯ ಅತಿ ತೆಳುವಾದ ಪದರವೊಂದು ಕ್ಷಣಮಾತ್ರ ಹೋಗಿ ಬರುವುದು. ಫಲಕದ ಒಡಲು ತಣ್ಣಗೇ ಉಳಿಯಬೇಕು. ತಲೆಗೂದಲು ಒಣಗಿಸುವ ಡ್ರೈಯರ್ ಈ ಉಷ್ಣತೆಯನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲವಾದ್ದರಿಂದ ಅದರಿಂದ ಅಪಾಯವೂ ಕಡಿಮೆ, ಫಲವೂ ಕಡಿಮೆ. ಬಿಸಿಗಾಳಿ ಊದುವ ಉಪಕರಣವಾದ ಹೀಟ್ ಗನ್‌ನ ಮಾತು ಬೇರೆ. ಎರಡು ಮಟ್ಟದ ಸಾಮಾನ್ಯ ಹೀಟ್ ಗನ್‌ನಲ್ಲಿ ಕಡಿಮೆ ಮಟ್ಟದ ಗಾಳಿಯೇ 300 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹೀಗಿರುವಾಗ ಉಷ್ಣತೆಯನ್ನು ಹಿಡಿತದಲ್ಲಿಡುವುದು ಗುಂಡಿಯಿಂದಲ್ಲ, ದೂರದಿಂದ ಮತ್ತು ಕೈಯ ಚಲನೆಯಿಂದ.

ಸಾಧ್ಯವಿದ್ದರೆ ಫಲಕವನ್ನು ಕಳಚಿ ಮೇಜಿನ ಮೇಲಿಟ್ಟುಕೊಳ್ಳುವುದು ಒಳ್ಳೆಯದು. ಕಳಚಲಾಗದಿದ್ದರೆ ಹತ್ತಿರದ ಗಾಜು, ರಬ್ಬರು ಪಟ್ಟಿ, ಬಟ್ಟೆಯ ಹೊದಿಕೆಗಳಿಗೆ ಬಿಸಿಗಾಳಿ ತಾಗದಂತೆ ದಪ್ಪ ರಟ್ಟು ಅಡ್ಡ ಹಿಡಿಯಬೇಕು. ಒಂದೇ ಕಡೆ ಕಾದ ಕಾರಿನ ಗಾಜು ಸೀಳುವುದುಂಟು. ಮೇಲ್ಮೈಯಲ್ಲಿ ಡ್ರೆಸ್ಸಿಂಗ್, ಜಿಡ್ಡು, ಧೂಳು ಇರಬಾರದು, ಏಕೆಂದರೆ ಅವು ಬಿಸಿಯಲ್ಲಿ ಪ್ಲಾಸ್ಟಿಕ್ಕಿನೊಳಗೆ ಬೆಂದು ಕೂರುತ್ತವೆ. ಬಾಗಿಲುಗಳೆಲ್ಲ ತೆರೆದಿರಲಿ. ಪಿವಿಸಿ ಹೊದಿಕೆಯ ಭಾಗಗಳಿಗೆ ಈ ವಿಧಾನ ಬೇಡ. ಅತಿಯಾಗಿ ಕಾದ ಪಿವಿಸಿ ಹೈಡ್ರೋಜನ್ ಕ್ಲೋರೈಡ್ ಎಂಬ ಉಸಿರು ಕಟ್ಟಿಸುವ ಅನಿಲವನ್ನು ಬಿಡುತ್ತದೆ.

ಗನ್‌ನ ಮೂತಿಯನ್ನು ಒಂದು ಗೇಣಿನಷ್ಟು ದೂರ ಹಿಡಿದು, ಗೀರಿನ ಉದ್ದಕ್ಕೂ ಅದರ ಎರಡೂ ತುದಿಯಾಚೆಗೂ ನಿಲ್ಲಿಸದೆ ಆಡಿಸುತ್ತಿರಬೇಕು. ಇನ್ನೊಂದು ಕೈಯಲ್ಲಿ ಟಾರ್ಚು ಓರೆಯಾಗಿ ಇರಲಿ, ಕಣ್ಣು ಗೀರನ್ನು ಬಿಟ್ಟು ಕದಲದಿರಲಿ. ಮೊದಲ ಕೆಲವು ಸೆಕೆಂಡು ಏನೂ ಆಗುವುದಿಲ್ಲ. ಈ ಹೊತ್ತಿನಲ್ಲೇ ತಾಳ್ಮೆ ಕೆಟ್ಟು ಮೂತಿಯನ್ನು ಹತ್ತಿರ ತರುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ದೂರವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ ಹೋದಾಗ ಒಂದು ಹಂತದಲ್ಲಿ ಬಿಳಿ ಗೆರೆ ಬೂದಾಗುತ್ತದೆ, ಅದರ ಸೂಕ್ಷ್ಮವಾದ ತುದಿಗಳು ಮೊದಲು ಅಳಿಸಿಹೋಗುತ್ತವೆ, ಆಮೇಲೆ ನಡುಭಾಗ ಕಪ್ಪಿಗೆ ತಿರುಗುತ್ತದೆ. ಬದಲಾವಣೆ ಶುರುವಾದ ಕ್ಷಣದಲ್ಲೇ ಶಾಖವನ್ನು ಆಚೆ ಸರಿಸಿ, ಫಲಕ ತಾನಾಗಿ ತಣ್ಣಗಾಗುವವರೆಗೆ ಕಾದು, ನೋಡಿ, ಬೇಕಿದ್ದರೆ ಮತ್ತೊಮ್ಮೆ ಮಾಡಬೇಕು. ತರಿತರಿಯಾದ ಮೇಲ್ಮೈಯಲ್ಲಿ ಒದ್ದೆಯಂಥ ಮಿನುಗು ಕಂಡರೆ ಮಿತಿ ದಾಟಿತೆಂದೇ ಲೆಕ್ಕ, ಏಕೆಂದರೆ ಅದು ಗೀರಿನ ಏರಿಯ ಜೊತೆಗೆ ಮೂಲ ವಿನ್ಯಾಸದ ಉಬ್ಬುಗಳೂ ಕರಗಿ ಕುಸಿಯುತ್ತಿರುವ ಸೂಚನೆ. ಬಿಸಿಯಿರುವಾಗ ಬೆರಳಿನಿಂದ ಮುಟ್ಟಿದರೆ ಬೆರಳಚ್ಚು, ಬಟ್ಟೆಯಿಂದ ಒತ್ತಿದರೆ ನೇಯ್ಗೆಯ ಅಚ್ಚು ಅಲ್ಲೇ ಉಳಿಯುತ್ತದೆ. ಬೇಗ ಆರಲೆಂದು ತಣ್ಣೀರು ಹಾಕುವುದೂ ಬೇಡ. ಒಂದು ಬದಿ ಬೇಗ ಕುಗ್ಗಿ ಫಲಕ ಸೊಟ್ಟಗಾಗಬಹುದು.

ಗೀರು ಮುಕ್ಕಾಲುಪಾಲು ಮರೆಯಾದರೆ ನಿಲ್ಲಿಸುವುದು ಜಾಣತನ. ಉಳಿದ ಕಾಲುಭಾಗ ಡ್ರೆಸ್ಸಿಂಗಿನಿಂದ ಮುಚ್ಚಿಹೋಗುತ್ತದೆ. ಪೂರ್ತಿ ಅಳಿಸುವ ಹಟದಲ್ಲಿ ಮಾಡುವ ಕೊನೆಯ ಒಂದೆರಡು ಸುತ್ತುಗಳೇ ಕೆಲಸ ಕೆಡಿಸುವುದು. ಹೊಸಬರು ಮೊದಲು ಡಿಕ್ಕಿಯ ನೆಲಹಾಸಿನ ಕೆಳಗಿರುವ ಯಾವುದಾದರೂ ಫಲಕದ ತುದಿಯಲ್ಲಿ, ಅಥವಾ ಅದೇ ವಸ್ತುವಿನ ಹಳೆಯ ತುಂಡಿನ ಮೇಲೆ, ಬೇಕೆಂದೇ ಗೀರಿ ಅಭ್ಯಾಸ ಮಾಡಿಕೊಳ್ಳುವುದು ಲೇಸು. ಪ್ಲಾಸ್ಟಿಕ್ ಕಿತ್ತುಹೋಗಿ ನಿಜವಾದ ಕಾಲುವೆಯೇ ಆಗಿದ್ದರೆ ಶಾಖ ಅದರ ಬಿಳುಪನ್ನು ತೆಗೆಯಬಲ್ಲದೇ ಹೊರತು ಇಲ್ಲದ ವಸ್ತುವನ್ನು ಮರಳಿ ತರಲಾರದು.

ವಿನ್ಯಾಸ ಅಳಿಸಿಹೋದ ಜಾಗಕ್ಕೆ ಅನುಭವಿ ಕೆಲಸಗಾರರು ಬಳಸುವ ಒಂದು ಉಪಾಯವಿದೆ. ಅದೇ ಫಲಕದ ಗೀರಿಲ್ಲದ, ಕಣ್ಣಿಗೆ ಬೀಳದ ಭಾಗದ ಮೇಲೆ ಅಚ್ಚು ತೆಗೆಯುವ ಸಿಲಿಕೋನ್ ರಬ್ಬರನ್ನು ಹಚ್ಚಿ, ಗಟ್ಟಿಯಾದ ಮೇಲೆ ಬಿಡಿಸಿಕೊಂಡರೆ ವಿನ್ಯಾಸದ ತದ್ವಿರುದ್ಧ ಅಚ್ಚು ಸಿಗುತ್ತದೆ. ಗೀರಿನ ಜಾಗವನ್ನು ಮೆತ್ತಗಾಗುವಷ್ಟು ಬಿಸಿಮಾಡಿ ಈ ಅಚ್ಚನ್ನು ನೇರವಾಗಿ ಒತ್ತಿ, ಆರುವವರೆಗೆ ಹಿಡಿದರೆ ತರಿಗಳು ಮತ್ತೆ ಮೂಡುತ್ತವೆ. ಸಿಲಿಕೋನ್ ಈ ಶಾಖವನ್ನು ತಡೆಯುತ್ತದೆ, ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುವುದೂ ಇಲ್ಲ. ಅಚ್ಚಿನ ಅಂಚು ಗೆರೆಯಾಗಿ ಮೂಡದಂತೆ ಬದಿಗಳಲ್ಲಿ ಒತ್ತಡವನ್ನು ಕಡಿಮೆ ಮಾಡುವುದರಲ್ಲಿ ಕೈಚಳಕವೆಲ್ಲ ಇದೆ.

ಕನ್ನಡಿಯಂತೆ ಹೊಳೆಯುವ ಕಪ್ಪು ಫಲಕ, ಅಂದರೆ ಪಿಯಾನೋ ಬ್ಲ್ಯಾಕ್ ಎಂದು ಕರೆಯುವ ಭಾಗಗಳಲ್ಲಿ ಎಲ್ಲವೂ ತಿರುವುಮುರುವು. ಇಲ್ಲಿ ಉಳಿಸಿಕೊಳ್ಳಬೇಕಾದ ತರಿಗಳಿಲ್ಲ, ಬೇಕಿರುವುದು ಪೂರ್ಣ ನುಣುಪು. ಹಾಗಾಗಿ ಶಾಖ ನಿಷಿದ್ಧ, ಪಾಲಿಶ್ ಸೂಕ್ತ. ಈ ಫಲಕಗಳ ಮೇಲಿನ ಜೇಡರಬಲೆಯಂಥ ಗೀರುಗಳಲ್ಲಿ ಹೆಚ್ಚಿನವು ಒಣ ಬಟ್ಟೆಯಿಂದ ಧೂಳು ಒರೆಸುವಾಗ ಬಿದ್ದವು. ಧೂಳಿನಲ್ಲಿರುವ ಮರಳಿನ ಕಣ ಪ್ಲಾಸ್ಟಿಕ್ಕಿಗಿಂತ ಬಹಳ ಗಟ್ಟಿ. ಮೊದಲು ಧೂಳನ್ನು ಊದಿ ಅಥವಾ ನೀರಿನಿಂದ ತೇಲಿಸಿ ತೆಗೆದು, ಪ್ಲಾಸ್ಟಿಕ್ಕಿಗೆ ಹೊಂದುವ ಅತಿ ನಯವಾದ ಪಾಲಿಶನ್ನು ಸಾಸಿವೆಯಷ್ಟು ತೆಗೆದುಕೊಂಡು, ಮೆತ್ತನೆಯ ಫೋಮ್ ತುಂಡಿನಿಂದ ಹಗುರವಾಗಿ ಉಜ್ಜಬೇಕು. ಗೀರಿನ ಸುತ್ತಲಿನ ಮೇಲ್ಮೈ ಅಣುಅಣುವಾಗಿ ಸವೆದು ಗೀರಿನ ತಳದ ಮಟ್ಟಕ್ಕೆ ಬರುವುದರಿಂದ ಗೆರೆ ಹೋಗುತ್ತದೆ. ಯಂತ್ರ ಬಳಸಿದರೆ ವೇಗ ಕಡಿಮೆಯಿರಲಿ; ಎಬಿಎಸ್ ಸುಮಾರು 105 ಡಿಗ್ರಿಯಲ್ಲೇ ಮೆತ್ತಗಾಗುವುದರಿಂದ ಉಜ್ಜಾಟದ ಬಿಸಿ ಸಾಕು ಅದನ್ನು ಮಸುಕಾಗಿಸಲು. ಹಲವು ಫಲಕಗಳಿಗೆ ಮೇಲೊಂದು ಪಾರದರ್ಶಕ ಲೇಪ ಇರುತ್ತದೆ, ಅದು ಅಂಚುಗಳಲ್ಲಿ ಅತಿ ತೆಳುವಾಗಿರುವುದರಿಂದ ಅಂಚಿನ ಮೇಲೆ ಉಜ್ಜಬಾರದು. ಉಗುರಿಗೆ ತಡೆಯುವ ಗೀರಾದರೆ 3000 ಸಂಖ್ಯೆಯ ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿ ಉಜ್ಜಿ, ಬಳಿಕ ಪಾಲಿಶ್ ಮಾಡಬಹುದಾದರೂ, ಲೇಪ ತೂತಾಗುವ ಸಾಧ್ಯತೆ ನೋಡಿದರೆ ನಾನು ಅದನ್ನು ಹಾಗೇ ಬಿಡಲು ಹೇಳುತ್ತೇನೆ. ಕ್ರೋಮ್ ಹೊಳಪಿನ ಪಟ್ಟಿಗಳಿಗೆ ಪಾಲಿಶ್ ಕೂಡ ಬೇಡ. ಅಲಂಕಾರದ ಕ್ರೋಮ್ ಪದರದ ದಪ್ಪ ಒಂದು ಮೈಕ್ರಾನಿಗೂ ಕಡಿಮೆ.

ಮೀಟರ್ ಮೇಲಿನ ಪಾರದರ್ಶಕ ಮುಚ್ಚಳಕ್ಕೂ ಇದೇ ಪಾಲಿಶ್ ವಿಧಾನ ಸಲ್ಲುತ್ತದೆ. ಆದರೆ ಮದ್ಯಸಾರ ಅಥವಾ ಅಮೋನಿಯಾ ಇರುವ ಗಾಜು ಒರೆಸುವ ದ್ರವವನ್ನು ಅಕ್ರಿಲಿಕ್, ಪಾಲಿಕಾರ್ಬೊನೇಟ್‌ಗಳಿಗೆ ತಾಗಿಸಿದರೆ ಒಳಗಿನ ಬಿಗಿತ ಬಿಡುಗಡೆಯಾಗಿ ಕೂದಲೆಳೆಯಂಥ ಬಿರುಕುಗಳು ಹರಡುತ್ತವೆ, ಅವು ಯಾವ ಪಾಲಿಶಿಗೂ ಹೋಗುವುದಿಲ್ಲ. ಟಚ್‌ಸ್ಕ್ರೀನ್ ಮೇಲೆ ಪ್ರತಿಫಲನ ತಡೆಯುವ ಲೇಪವಿದ್ದರೆ ಪಾಲಿಶ್ ಅದನ್ನೇ ಕಿತ್ತುಹಾಕುವುದರಿಂದ ಅಲ್ಲಿ ಪ್ರಯೋಗ ಬೇಡ.

ಮುಟ್ಟಿದರೆ ರಬ್ಬರಿನಂತೆ ಮೆತ್ತಗೆನಿಸುವ ಲೇಪದ ಫಲಕಗಳು ಎಲ್ಲಕ್ಕಿಂತ ಕಷ್ಟದವು. ಅದು ಗಟ್ಟಿ ಪ್ಲಾಸ್ಟಿಕ್ ಮೇಲೆ ಬಳಿದ ಪಾಲಿಯುರೆಥೇನ್ ಬಣ್ಣ. ಗೀರು ಬಿದ್ದರೆ ಲೇಪವೇ ಹರಿದು ಕೆಳಗಿನ ಬೇರೆ ಬಣ್ಣ ಇಣುಕುತ್ತದೆ. ಶಾಖವೂ ಪಾಲಿಶೂ ಅದನ್ನು ಇನ್ನಷ್ಟು ಕೀಳುತ್ತವೆ. ವರ್ಷಗಳ ತೇವಾಂಶಕ್ಕೆ ಈ ಲೇಪ ತಾನಾಗಿಯೇ ಜಲವಿಭಜನೆಗೊಂಡು ಅಂಟಂಟಾಗುವುದೂ ಇದೆ. ಸನ್‌ಸ್ಕ್ರೀನ್ ಕ್ರೀಮ್ ಮತ್ತು ಡೀಟ್ ಎಂಬ ರಾಸಾಯನಿಕವಿರುವ ಸೊಳ್ಳೆ ನಿವಾರಕ ಹಚ್ಚಿದ ಕೈಗಳು ಇಂಥ ಮೇಲ್ಮೈಗಳನ್ನು ಬೇಗ ಹಾಳುಮಾಡುತ್ತವೆ. ಬಣ್ಣಕ್ಕೆ ಹೊಂದುವ ಹೊಳಪಿಲ್ಲದ ಟಚ್‌ಅಪ್ ಬಣ್ಣವನ್ನು ಸಣ್ಣ ಕುಂಚದ ತುದಿಯಿಂದ ಗೀರಿನೊಳಗೆ ಮಾತ್ರ ಇಳಿಸುವುದು ಇಲ್ಲಿರುವ ಏಕೈಕ ಸಾಧಾರಣ ಉಪಾಯ.

ಆಳದ ಗೀರಿಗೆ ಫಿಲ್ಲರ್ ತುಂಬಿ, ಉಜ್ಜಿ, ಬಣ್ಣ ಹೊಡೆಯುವುದು ಸಾಧ್ಯವೇನೋ ಹೌದು, ಆದರೆ ಅದು ಸಣ್ಣ ಗೀರಿನ ದುರಸ್ತಿಯಾಗಿ ಉಳಿಯುವುದಿಲ್ಲ, ಇಡೀ ಫಲಕದ ಕೆಲಸವಾಗುತ್ತದೆ. ಪಾಲಿಪ್ರೊಪಿಲೀನಿನ ಮೇಲ್ಮೈ ಶಕ್ತಿ ತೀರ ಕಡಿಮೆಯಾದ್ದರಿಂದ ನೀರು ಅದರ ಮೇಲೆ ಹರಡದೆ ಹನಿಗಟ್ಟುವಂತೆ, ಬಣ್ಣವೂ ಕಚ್ಚಿಕೊಳ್ಳದೆ ಸಿಪ್ಪೆಯಂತೆ ಎದ್ದು ಬರುತ್ತದೆ. ಕಾರ್ಖಾನೆಯಲ್ಲಿ ಇದಕ್ಕಾಗಿಯೇ ಮೇಲ್ಮೈಯನ್ನು ಜ್ವಾಲೆಯಿಂದ ಸವರಿ ಸಜ್ಜುಗೊಳಿಸುತ್ತಾರೆ. ಉಳಿದವರು ಪಾಲಿಪ್ರೊಪಿಲೀನಿಗೆಂದೇ ತಯಾರಾದ, ಅಂಟು ಹೆಚ್ಚಿಸುವ ಪ್ರೈಮರನ್ನು ಮೊದಲು ಹೊಡೆದು, ಆಮೇಲೆ ಬಾಗುವ ಗುಣವುಳ್ಳ ಬಣ್ಣವನ್ನು ತೆಳು ಪದರಗಳಲ್ಲಿ ಹೊಡೆಯಬೇಕು. ಆಗಲೂ ಫಿಲ್ಲರ್ ತುಂಬಿದ ಕಡೆ ತರಿಗಳು ಇರುವುದಿಲ್ಲ, ಬಣ್ಣದ ಹೊಳಪು ನೆರೆಯ ಫಲಕಕ್ಕೆ ಹೊಂದುವುದು ಅಪರೂಪ. ಇಂಥ ಕಡೆ ಅದೇ ಮಾದರಿಯ ಹಳೆಯ ಕಾರಿನಿಂದ ಬಿಚ್ಚಿದ ಫಲಕವನ್ನು ತಂದು ಕೂರಿಸುವುದು ಕಡಿಮೆ ಶ್ರಮದ, ಹೆಚ್ಚು ಚೆಂದದ ದಾರಿ. ಕಳಚುವಾಗ ಲೋಹದ ಸ್ಕ್ರೂಡ್ರೈವರ್ ಬಿಟ್ಟು ನೈಲಾನ್ ಮೀಟುಗೋಲನ್ನು ಬಳಸಬೇಕು. ಕ್ಲಿಪ್ ಇರುವ ಜಾಗದ ಪಕ್ಕದಲ್ಲೇ ಅದನ್ನು ತೂರಿಸಿ, ಒಂದೊಂದೇ ಕ್ಲಿಪ್ಪನ್ನು ಸಡಿಲಿಸುತ್ತ ಹೋದರೆ ನೆರೆಯ ಫಲಕಕ್ಕೆ ಹೊಸ ಗೀರು ಬೀಳುವುದಿಲ್ಲ.